ತನಗೆ ತಾನೇ ಕೊಟ್ಟ ಮಾತು

ನಿಮಗೆ ನೀವೇ ಒಂದು ಮಾತು ಕೊಟ್ಟುಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಬೇರೆ ಯಾರಿಗೂ ಅದು ಗೊತ್ತಿಲ್ಲ. ಅದನ್ನು ಮುರಿದರೆ ಯಾರ ಗಂಟೂ ಹೋಗುವುದಿಲ್ಲ. ಹಾಗಾದರೆ ಅದನ್ನು ಮುರಿಯುವುದು ತಪ್ಪೇ?

ಹೊಸ ವರ್ಷದ ದಿನ, ತಪಸ್ಸುಕಾಲದ ಮೊದಲ ದಿನ, ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಹೀಗೆ ನಾವು ಕೊಟ್ಟುಕೊಂಡ ಮಾತುಗಳೆಷ್ಟು, ಅವುಗಳಲ್ಲಿ ಉಳಿದವೆಷ್ಟು? ನನಗಂತೂ ಲೆಕ್ಕ ಹಾಕುವ ಧೈರ್ಯವಿಲ್ಲ. ಈ ಪ್ರಶ್ನೆ ಮತ್ತೆ ನನ್ನ ತಲೆಗೆ ಹೊಕ್ಕಿದ್ದು ಒಂದು ವ್ಯಾಯಾಮದ ಯಂತ್ರದ ದೆಸೆಯಿಂದ.

ಬೆಂಗಳೂರಿನ ಜಿಮ್‌ಗಳಲ್ಲಿ, ಕೆಲವರ ಮನೆಗಳಲ್ಲೂ, ಈಗ ರೋಯಿಂಗ್ ಯಂತ್ರ ಕಾಣಸಿಗುತ್ತದೆ. ನೀರಿಲ್ಲದೆ ದೋಣಿಗೆ ಹುಟ್ಟು ಹಾಕುವ ಸಾಧನ ಅದು. ಉದ್ದನೆಯ ಕಂಬಿಯ ಮೇಲೆ ಹಿಂದೆ ಮುಂದೆ ಜಾರುವ ಒಂದು ಸೀಟು, ಪಾದಗಳನ್ನು ಬಿಗಿಯುವ ಪಟ್ಟಿ, ಸರಪಳಿಗೆ ಕಟ್ಟಿದ ಒಂದು ಹಿಡಿ. ಮೊದಲು ಕಾಲು ಒತ್ತಬೇಕು, ಆಮೇಲೆ ಬೆನ್ನು ಹಿಂದಕ್ಕೆ ವಾಲಬೇಕು, ಕೊನೆಗೆ ತೋಳು ಎಳೆಯಬೇಕು. ಆಗ ಮುಂದಿರುವ ಚಕ್ರ ಗಾಳಿಯನ್ನು ಸೀಳಿಕೊಂಡು ತಿರುಗುತ್ತದೆ. ಎಷ್ಟು ಜೋರಾಗಿ ಎಳೆಯುತ್ತೀರೋ ಅಷ್ಟು ಜೋರಾಗಿ ಅದು ನಿಮ್ಮನ್ನು ತಡೆಯುತ್ತದೆ. 500 ಮೀಟರ್ ಸಾಗಲು ಈ ವೇಗದಲ್ಲಿ ಎಷ್ಟು ಹೊತ್ತು ಬೇಕು ಎಂದು ಕಣ್ಣೆದುರಿನ ಸಣ್ಣ ಪರದೆ ಪ್ರತಿ ಎಳೆತಕ್ಕೂ ತಿಳಿಸುತ್ತಿರುತ್ತದೆ.

ಆ ಪರದೆಯ ಮುಂದೆ ಬಡಾಯಿ ನಡೆಯುವುದಿಲ್ಲ. 500 ಮೀಟರಿಗೆ 2 ನಿಮಿಷ 15 ಸೆಕೆಂಡಿನ ವೇಗಕ್ಕೆ ಸುಮಾರು 142 ವಾಟ್ ಶಕ್ತಿ ಬೇಕು. ಅದನ್ನು 2 ನಿಮಿಷ 10ಕ್ಕೆ ಇಳಿಸಲು ಸುಮಾರು 159 ವಾಟ್. ಐದೇ ಸೆಕೆಂಡಿನ ಲಾಭಕ್ಕೆ ನೂರಕ್ಕೆ ಹನ್ನೆರಡರಷ್ಟು ಹೆಚ್ಚು ದುಡಿಮೆ! ವೇಗ ಎರಡರಷ್ಟಾಗಬೇಕಾದರೆ ಶಕ್ತಿ ಎಂಟರಷ್ಟಾಗಬೇಕು. ಹುರುಪಿನಲ್ಲಿ ಆರಂಭಿಸಿದವರು ಅರ್ಧ ದಾರಿಯಲ್ಲಿ ಏಕೆ ಕುಸಿಯುತ್ತಾರೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನನಗೆ ಪರಿಚಯದ ಒಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು. ಡಾಕ್ಟರು ವ್ಯಾಯಾಮ ಮಾಡಲೇಬೇಕೆಂದಾಗ ಮಗ ಈ ಯಂತ್ರವನ್ನು ತಂದುಕೊಟ್ಟ. ಇದನ್ನು ಬಳಸುವವರ ನಡುವೆ ಪೀಟ್ ಪ್ಲಾನ್ ಎಂದು ಹೆಸರಾದ ಒಂದು ತರಬೇತಿ ಯೋಜನೆಯಿದೆ. ಡಾಕ್ಟರನ್ನು ಕೇಳಿಕೊಂಡು, ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಕೊಂಡು, ಅವರು ಅದನ್ನು ಹಿಡಿದರು. ಅದರಲ್ಲಿ ಮೂರು ವಾರಕ್ಕೊಮ್ಮೆ ಒಂದು ಪಾಠ ಬರುತ್ತದೆ: 500 ಮೀಟರಿನಂತೆ ಎಂಟು ಸಲ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೂರೂವರೆ ನಿಮಿಷ ವಿರಾಮ. ಇದನ್ನೇ ಇಂಟರ್ವಲ್ ಟ್ರೈನಿಂಗ್ ಎನ್ನುತ್ತಾರೆ.

ಈ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಗುರಿಯನ್ನು ಗೊತ್ತುಮಾಡುವ ರೀತಿ. ಇವತ್ತು ಎಷ್ಟು ವೇಗ ಎಂಬುದನ್ನು ನಿಮ್ಮ ಆಸೆ ತೀರ್ಮಾನಿಸುವಂತಿಲ್ಲ. ಹೋದ ಸಲ ಅದೇ ಪಾಠದಲ್ಲಿ ನೀವು ನಿಜವಾಗಿ ಮಾಡಿದ್ದರ ಸರಾಸರಿಯೇ ಇವತ್ತಿನ ಗುರಿ. ಮೊದಲ ಏಳನ್ನು ಆ ವೇಗದಲ್ಲೇ ಎಳೆಯಬೇಕು. ಕೊನೆಯದೊಂದನ್ನು ಮಾತ್ರ ಶಕ್ತಿಯಿದ್ದಷ್ಟು. ನಮ್ಮ ಪರಿಚಯದವರು ಏಳನ್ನು 2 ನಿಮಿಷ 15 ಸೆಕೆಂಡಿನಂತೆ ಮುಗಿಸಿ, ಎಂಟನೆಯದನ್ನು ಪ್ರಾಣ ಬಿಟ್ಟು ಎಳೆದು 2 ನಿಮಿಷ 7ಕ್ಕೆ ತಂದರು. ಸರಾಸರಿ ಎಷ್ಟಾಯಿತು? 2 ನಿಮಿಷ 14. ಮೂರು ವಾರ ಕಾದು, ಬೆವರು ಸುರಿಸಿ, ಗಳಿಸಿದ್ದು ಒಂದು ಸೆಕೆಂಡ್. ಅವರು ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಜೀವನವಿಡೀ ಬೇರೆಯವರ ಲೆಕ್ಕ ಬರೆದವರು ಅವರು. ಈಗ ತಮ್ಮ ಲೆಕ್ಕ ಬರೆಯುತ್ತಿದ್ದಾರೆ.

ಇಂಟರ್ವಲ್ ಎಂದರೆ ನಮಗೆ ಸಿನಿಮಾದ ಇಂಟರ್ವಲ್ ನೆನಪಾಗುತ್ತದೆ, ಕಡಲೆಕಾಯಿ ನೆನಪಾಗುತ್ತದೆ. ಆದರೆ ಈ ತರಬೇತಿಗೆ ಹೆಸರು ಬಂದದ್ದೂ ಹಾಗೆಯೇ, ನಡುವಿನ ಬಿಡುವಿನಿಂದ. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಶ್ಲರ್ ಮತ್ತು ವೈದ್ಯ ಹರ್ಬರ್ಟ್ ರೈಂಡೆಲ್ ಇದನ್ನು ಶಾಸ್ತ್ರೀಯವಾಗಿ ರೂಪಿಸಿದರು. ಹೃದಯ ಬಲಗೊಳ್ಳುವುದು ಓಡುವಾಗ ಅಲ್ಲ, ಓಡಿ ನಿಂತ ಮೇಲಿನ ಆ ಬಿಡುವಿನಲ್ಲಿ ಎಂಬುದು ಅವರ ನಂಬಿಕೆ. ನಂತರದ ವಿಜ್ಞಾನ ಅದನ್ನು ಹಾಗೆಯೇ ಪೂರ್ತಿ ಒಪ್ಪಿಕೊಂಡಿಲ್ಲ. ಆದರೂ ಗೆರ್ಶ್ಲರ್‌ರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್ ನಗರದಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದ ದಾಖಲೆ 1955ರವರೆಗೂ ಉಳಿಯಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಬಿಡುವೇ. ಹಿಡಿ ಎಳೆಯುವಾಗ ವಾದ ಮಾಡಲು ಉಸಿರಿರುವುದಿಲ್ಲ. ಐದನೆಯದು ಮುಗಿದು, ಮೂರೂವರೆ ನಿಮಿಷ ಏದುಸಿರು ಬಿಡುತ್ತಾ ಕುಳಿತಾಗ ಒಳಗಿನಿಂದ ಮಾತು ಶುರುವಾಗುತ್ತದೆ. ಐದು ಆಯಿತಲ್ಲ, ಸಾಕು. ಇವತ್ತು ಸೆಕೆ ಹೆಚ್ಚು. ಯಾರು ಕೇಳುತ್ತಾರೆ? ನಾಳೆಯಿಂದ ಸರಿಯಾಗಿ ಮಾಡಿದರಾಯಿತು.

“ಈ ದನಿ ನನಗೆ ಹಳೆಯ ಪರಿಚಯ,” ಎಂದರು ಅವರು ಒಮ್ಮೆ. ಅನೇಕ ವರ್ಷ ಅವರು ಕುಡಿತಕ್ಕೆ ಬಿದ್ದಿದ್ದರು. ಪ್ರತಿ ತಿಂಗಳೂ ಬಿಡುತ್ತೇನೆಂದು ತಮಗೆ ತಾವೇ ಮಾತು ಕೊಡುತ್ತಿದ್ದರು. ಬ್ಯಾಂಕು ಬಿಟ್ಟು ಬಸ್‌ಸ್ಟಾಪಿಗೆ ನಡೆಯುವ ದಾರಿಯಲ್ಲಿ ಇದೇ ದನಿ, ಇವೇ ವಾಕ್ಯಗಳು. “ಕೊನೆಗೆ ಏನಾಯಿತು ಗೊತ್ತೇ? ಕುಡಿದದ್ದಕ್ಕಿಂತ ಕೆಟ್ಟದ್ದು ಅದು. ನಾನು ಏನಾದರೂ ನಿರ್ಧಾರ ಮಾಡಿದರೆ ನನಗೇ ನಗು ಬರುತ್ತಿತ್ತು.”

ಈಗ ಹೇಳಿ, ಮಾತು ಮುರಿದದ್ದರಿಂದ ಯಾರಿಗೂ ನಷ್ಟವಾಗಲಿಲ್ಲವೇ?

ಆದರೂ ವಾದ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ದೊಡ್ಡ ದೊಡ್ಡ ತತ್ತ್ವಜ್ಞಾನಿಗಳೇ ಇಲ್ಲಿ ತಡವರಿಸಿದ್ದಾರೆ. ನೀವು ನನಗೆ ಮಾತು ಕೊಟ್ಟರೆ ಅದರಿಂದ ನಿಮ್ಮನ್ನು ಬಿಡಿಸುವ ಅಧಿಕಾರ ನನ್ನದು. ಕೊಟ್ಟವನೂ ಪಡೆದವನೂ ಒಬ್ಬನೇ ಆದರೆ? ಬೇಕೆಂದಾಗ ಬಿಚ್ಚಿಕೊಳ್ಳಬಹುದಾದ ಕಟ್ಟು ಕಟ್ಟೇ ಅಲ್ಲ ಎಂಬರ್ಥದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲೇ ವಾದಿಸಿದ್ದರು. ಅವರು ಹೇಳುತ್ತಿದ್ದದ್ದು ದೊರೆ ಮತ್ತು ಕಾನೂನಿನ ಬಗ್ಗೆ. ಜರ್ಮನಿಯ ಇಮಾನ್ಯುಯೆಲ್ ಕಾಂಟ್ 1797ರಲ್ಲಿ ಇದೇ ತೊಡಕನ್ನು ಎತ್ತಿಕೊಂಡರು. ಆದರೆ ಅವರು ಸೋಲೊಪ್ಪಲಿಲ್ಲ. ಮನುಷ್ಯನಿಗೆ ತನ್ನ ಬಗ್ಗೆಯೂ ಕರ್ತವ್ಯಗಳಿವೆ, ಅವಿಲ್ಲದೆ ಬೇರೆಯವರ ಬಗ್ಗೆ ಕರ್ತವ್ಯವೂ ಇರಲಾರದು ಎಂದರು. ನನ್ನ ಒಲವು ಕಾಂಟರ ಕಡೆಗೇ.

ನಮ್ಮ ಧರ್ಮಸಭೆಯ ಕಾನೂನು ಇನ್ನೊಂದು ದಾರಿಯಿಂದ ಬರುತ್ತದೆ. ಒಬ್ಬರು ದೇವರಿಗೆ ಖಾಸಗಿಯಾಗಿ ಹರಕೆ ಹೊತ್ತರೆ, ಅದನ್ನು ಅಷ್ಟೇ ಒಳ್ಳೆಯ ಅಥವಾ ಇನ್ನೂ ಒಳ್ಳೆಯ ಕೆಲಸಕ್ಕೆ ತಾವೇ ಬದಲಾಯಿಸಿಕೊಳ್ಳಬಹುದು. ಆದರೆ ಕಡಿಮೆಯದಕ್ಕೆ ಇಳಿಸಬೇಕಾದರೆ, ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರವುಳ್ಳವರನ್ನು, ಉದಾಹರಣೆಗೆ ತಮ್ಮ ಧರ್ಮಕೇಂದ್ರದ ಗುರುಗಳನ್ನು, ಕೇಳಬೇಕು. 1983ರ ಕಾನೂನು ಸಂಹಿತೆಯ 1196 ಮತ್ತು 1197ನೆಯ ವಿಧಿಗಳಲ್ಲಿ ಇದು ಇದೆ. ಯಂತ್ರದ ಮೇಲಿನ ಯೋಜನೆ ಹರಕೆಯಲ್ಲ, ಬಿಡಿ. ಆರಕ್ಕೇ ನಿಲ್ಲಿಸಿದೆನೆಂದು ಯಾರೂ ಪಾಪನಿವೇದನೆಗೆ ಓಡಬೇಕಾಗಿಲ್ಲ. ಆದರೆ ಆ ವಿಧಿಯ ಹಿಂದೆ ಮನುಷ್ಯನ ಸ್ವಭಾವವನ್ನು ಚೆನ್ನಾಗಿ ಬಲ್ಲವರ ಅನುಭವವಿದೆ. ಹೆಚ್ಚು ಮಾಡಲು ಹೊರಟಾಗ ನಮಗೆ ಸಾಕ್ಷಿ ಬೇಕಾಗಿಲ್ಲ. ಕಡಿಮೆ ಮಾಡಲು ಹೊರಟಾಗ ನಮ್ಮ ಪ್ರಕರಣಕ್ಕೆ ನಾವೇ ನ್ಯಾಯಾಧೀಶರಾಗುವುದು ಅಪಾಯ.

(ವ್ಯಾಯಾಮದಲ್ಲಿ ಹೆಚ್ಚು ಮಾಡುವುದಕ್ಕೂ ಕೇಳಬೇಕೆಂದು ನನಗನ್ನಿಸುತ್ತದೆ. ಮೂರೂವರೆ ನಿಮಿಷದ ವಿರಾಮವನ್ನು ಒಂದೂವರೆಗೆ ಇಳಿಸಿ ಶೌರ್ಯ ತೋರಿಸುವವನೂ ಯೋಜನೆಯನ್ನು ಮುರಿದವನೇ.)

ನಮ್ಮ ಪರಿಚಯದವರು ಕುಡಿತ ಬಿಟ್ಟದ್ದು ತಮ್ಮೊಬ್ಬರ ಮನೋಬಲದಿಂದಲ್ಲ. ಡಾಕ್ಟರ ಚಿಕಿತ್ಸೆ, ಅದೇ ಕಷ್ಟ ಕಂಡ ಹತ್ತಾರು ಜನರ ಜೊತೆ ವಾರವಾರ ಕುಳಿತು ಮಾತಾಡಿದ್ದು, ಇವುಗಳಿಂದ. ಆ ಅನುಭವದಿಂದಲೇ ಈ ಯಂತ್ರದ ವಿಷಯದಲ್ಲೂ ಒಂದು ಏರ್ಪಾಡು ಮಾಡಿಕೊಂಡರು. ನಡುವೆ ನಿಲ್ಲಿಸಬೇಕಾದರೆ ಹೆಂಡತಿಯನ್ನು ಕೇಳಬೇಕು. ಆ ತಾಯಿ ಹಾಬ್ಸರನ್ನೂ ಓದಿಲ್ಲ, ಕಾಂಟರನ್ನೂ ಓದಿಲ್ಲ. ಒಂದು ದಿನ ಇವರು ವಿರಾಮದಲ್ಲಿ ಕೂಗಿ ಕೇಳಿದರಂತೆ:

“ಇವತ್ತು ಆರಕ್ಕೇ ನಿಲ್ಲಿಸಲಾ?”

“ಯಾಕ್ರೀ, ಎಲ್ಲಾದರೂ ನೋವಾ?”

“ನೋವಿಲ್ಲ. ಸುಸ್ತು.”

“ಸುಸ್ತಾಗುತ್ತೆ ಅಂತ ಮೊದಲೇ ಗೊತ್ತಿರಲಿಲ್ವಾ?”

ನಾನು ಇಷ್ಟು ದಿನ ಪುಸ್ತಕಗಳಲ್ಲಿ ಹುಡುಕುತ್ತಿದ್ದ ಉತ್ತರ ಇದೇ ಎನ್ನಿಸಿತು. ಮಾತು ಕೊಟ್ಟ ಸಂಜೆ ಸಮಾಧಾನದಿಂದ ಕುಳಿತಿದ್ದಾಗ ನಮಗೆ ಗೊತ್ತಿದ್ದ ಕಾರಣ, ಮಾತು ಮುರಿಯಲು ಕಾರಣವಾಗಲಾರದು. ಆರನೆಯ ಸಲ ಕಾಲು ಉರಿಯುತ್ತದೆ, ಬೇಸರವಾಗುತ್ತದೆ, ಯಾರೂ ನೋಡುವುದಿಲ್ಲ: ಇವೆಲ್ಲ ಆಗಲೇ ಲೆಕ್ಕಕ್ಕೆ ಸೇರಿದ್ದವು. ಇವುಗಳಲ್ಲಿ ಹೊಸ ಸುದ್ದಿ ಯಾವುದೂ ಇಲ್ಲ. ಮೊಮ್ಮಗುವಿಗೆ ಜ್ವರ ಬಂದು ಅಳುತ್ತಿದ್ದರೆ, ಎದೆಯಲ್ಲಿ ಹಿಡಿದಂತಾದರೆ, ತಲೆ ಸುತ್ತಿದರೆ, ಅದು ಹೊಸ ಸುದ್ದಿ. ಆಗ ಹಿಡಿಯನ್ನು ಬಿಟ್ಟು ಏಳದಿರುವವನು ಮಾತು ಉಳಿಸಿಕೊಂಡವನಲ್ಲ, ಹಟಮಾರಿ. ಯೋಜನೆಯನ್ನು ಬರೆದದ್ದು ಮನುಷ್ಯನ ಒಳ್ಳೆಯದಕ್ಕಾಗಿ ತಾನೇ?

ಎರಡರ ನಡುವಿನ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ಸೋಮಾರಿತನ ನೋವಿನ ವೇಷ ಹಾಕಿಕೊಂಡು ಬರುತ್ತದೆ. ನಿಜವಾದ ನೋವನ್ನು ಹೆಮ್ಮೆ ಮುಚ್ಚಿಡುತ್ತದೆ. ಅದಕ್ಕೇ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಇರಬೇಕು. ಒಂಟಿಯಾಗಿರುವವರು ಒಬ್ಬ ಸ್ನೇಹಿತರಿಗೆ ಫೋನು ಮಾಡಬಹುದು.

ಕಳೆದ ಬಾರಿ ಆ ಪಾಠ ಬಂದಾಗ ಏಳೂ 2 ನಿಮಿಷ 14 ಸೆಕೆಂಡಿನಂತೆ ಮುಗಿದಿದ್ದವು. ಉಳಿದದ್ದು ಕೊನೆಯದು, ಮನಸಾರೆ ಎಳೆಯಬಹುದಾದದ್ದು. ವಿರಾಮದಲ್ಲಿ ಇವರು ಸೊಂಟದ ಮೇಲೆ ಕೈ ಇಟ್ಟುಕೊಂಡದ್ದನ್ನು ಹೆಂಡತಿ ಬಾಗಿಲಿನಿಂದ ನೋಡಿದರು.

“ಏಳಿ ಮೇಲೆ.”

“ಇನ್ನೊಂದೇ ಒಂದು ಇದೆ ಕಣೇ.”

“ಇರಲಿ, ಏಳಿ. ಮೊನ್ನೆಯಿಂದ ನೋಡ್ತಿದ್ದೀನಿ.”

ಎದ್ದರಂತೆ. ಊಟದ ತನಕ ಮುನಿಸಿಕೊಂಡು ಕೂತಿದ್ದರಂತೆ. ನೋಟ್‌ಬುಕ್ಕನ್ನು ನನಗೆ ತೋರಿಸಿದರು: ಏಳು ಸಾಲುಗಳಲ್ಲಿ ಅಂಕಿಗಳಿವೆ, ಎಂಟನೆಯದು ಖಾಲಿ. ಮುಂದಿನ ಸಲಕ್ಕೆ ಗುರಿ ಎಷ್ಟು ಇಟ್ಟುಕೊಳ್ಳಬೇಕು ಎಂದು ಕೇಳಿದರು. ಏಳರ ಸರಾಸರಿಯೇ ಇರಲಿ ಎಂದೆ. ಮೊದಲು ಸೊಂಟವನ್ನು ಡಾಕ್ಟರಿಗೆ ತೋರಿಸಿ ಬನ್ನಿ ಎಂದೂ ಹೇಳಿದೆ.