ಸಿಪಾಯಿಯ ಹೆಂಡತಿಯು ಗುಣುಗುಟ್ಟಬಹುದೋ?

ಗಂಡನನ್ನು ದಂಡಿಗೆ ಕಳುಹಿಸಿ ಊರಿನಲ್ಲಿ ಒಬ್ಬಳೇ ಮನೆ ನಡಿಸುವ ಹೆಂಗಸು ತನ್ನ ಬೇಸರವನ್ನು ಬಾಯಿಬಿಟ್ಟು ಹೇಳಬಹುದೋ, ಹೇಳಬಾರದೋ? ಹೇಳಿದರೆ ಅದು ಗಂಡನ ಸೇವೆಗೆ ಕುಂದು ತರುವ ಗುಣುಗುಟ್ಟುವಿಕೆಯೋ, ಇಲ್ಲವೆ ನಾವು ಕಿವಿಗೊಡತಕ್ಕ ನ್ಯಾಯವಾದ ಮೊರೆಯೋ? ಈ ಪ್ರಶ್ನೆಯು ಚಿಕ್ಕದೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ನಾಡಿನಲ್ಲಿ ದಂಡಿಗೆ ಮಗನನ್ನು ಕೊಟ್ಟ ಮನೆಗಳು ಸ್ವಲ್ಪವಲ್ಲ. ಕೊಡಗಿನಲ್ಲಿ ಇದು ತಲೆತಲಾಂತರದಿಂದ ಬಂದದ್ದು. ೧೯೪೯ನೇ ಇಸವಿ ಜನವರಿ ೧೫ರಂದು ಭಾರತದ ದಂಡಿಗೆ ಮೊದಲನೆಯ ಭಾರತೀಯ ಮಹಾದಂಡನಾಯಕರಾದ ಕಾರಿಯಪ್ಪನವರು ಆ ನಾಡಿನವರೇ. ಬೆಳಗಾವಿಯಲ್ಲಿ ಮರಾಠಾ ಪದಾತಿದಳದ ಕೇಂದ್ರವಿರುವದರಿಂದ ಆ ಸುತ್ತಿನ ಊರುಗಳಲ್ಲಿಯೂ ಸಿಪಾಯಿಯಿಲ್ಲದ ಓಣಿಯು ಅಪರೂಪವೇ. ಆದಕಾರಣ ಈ ವಿಷಯವು ನಮ್ಮ ನೆರೆಮನೆಯ ವಿಷಯವಾಗಿದೆ.

ಧಾರವಾಡದ ಕಡೆಯ ಒಂದು ಹಳ್ಳಿಯಲ್ಲಿ ನಾವು ಕೇಳಿದ ಮಾತಿನಿಂದ ಈ ಆಲೋಚನೆಯು ಹುಟ್ಟಿತು. ಒಬ್ಬ ಸಿಪಾಯಿಯ ಹೆಂಡತಿಯು ಮನೆಯ ಕಟ್ಟೆಯ ಮೇಲೆ ಮೋರೆ ಬಾಡಿಸಿಕೊಂಡು ಕೂತಿದ್ದಳು. ಹಾದಿಯಲ್ಲಿ ಹೋಗುತ್ತಿದ್ದ ಓಣಿಯ ಹಿರಿಯನೊಬ್ಬನು ಆಕೆಯನ್ನು ಕಂಡು, “ಯಾಕವಾ, ಹಿಂಗ ಮಾರಿ ಸಣ್ಣದು ಮಾಡೀದಿ? ನಿನ್ನ ಗಂಡ ದೇಶಾ ಕಾಯಾಕ ಹೋಗ್ಯಾನ. ನಿನಗ ಹೆಮ್ಮಿ ಇರಬೇಕು,” ಎಂದನು. ಆಕೆಯು ಎದ್ದು ನಿಂತು, “ಹೆಮ್ಮಿ ಐತ್ರಿ ಕಾಕಾ. ಆದ್ರ ಹೆಮ್ಮಿ ಬಂದು ಬೋರಿನ ಮೋಟಾರ ರಿಪೇರಿ ಮಾಡಿಸಿ ಕೊಡಂಗಿಲ್ಲರಿ,” ಅಂದಳು. ಹಿರಿಯನು ಉತ್ತರ ತೋಚದೆ ಹೋದನು. ನಮಗೂ ಆಗ ಉತ್ತರ ತೋಚಲಿಲ್ಲ.

ಈ ಹೆಂಗಸಿನ ದಿನವು ಎಂಥದೆಂದು ಸ್ವಲ್ಪ ನೋಡೋಣ. ಮೋಟಾರು ಸುಟ್ಟರೆ ಮೇಸ್ತ್ರಿಯನ್ನು ಕರೆತರಬೇಕು. ಆ ಮೇಸ್ತ್ರಿಯೊಂದಿಗೆ ಹೊಲದಲ್ಲಿ ನಿಂತು ಮಾತಾಡಿದರೆ ಓಣಿಯವರು ಕಣ್ಣು ಕಿರಿದು ಮಾಡುತ್ತಾರೆ; ಮಾತಾಡದೆ ಬಿಟ್ಟರೆ ಪೈರು ಒಣಗುತ್ತದೆ, ಆಗ ಅತ್ತೆಯು ಇವಳಿಗೆ ಜವಾಬ್ದಾರಿ ಇಲ್ಲವೆನ್ನುತ್ತಾಳೆ. ತಾಲೂಕು ಕಚೇರಿಗೆ ಹೋದರೆ, ಖಾತೆಯು ಗಂಡನ ಹೆಸರಿನಲ್ಲಿದೆ, ಅವನೇ ಬಂದು ರುಜು ಹಾಕಲಿ ಎಂಬ ಉತ್ತರ. ರೇಶನ್ ಅಂಗಡಿಯಲ್ಲಿ ಹೆಬ್ಬೆರಳಿನ ಗುರುತು ಹತ್ತದಿದ್ದರೆ ನಾಳೆ ಬಾ ಎಂಬ ಉತ್ತರ. ಮಾವನಿಗೆ ಎದೆನೋವು ಬಂದರೆ ನಡುರಾತ್ರಿಯಲ್ಲಿ ಗಾಡಿ ಹುಡುಕುವವಳು ಅವಳೇ. ಮಗುವು ಶಾಲೆಯಿಂದ ಬಂದು, ಎಲ್ಲರ ಅಪ್ಪಂದಿರು ಸಭೆಗೆ ಬಂದಿದ್ದರು, ನನ್ನ ಅಪ್ಪ ಯಾಕೆ ಬರಲಿಲ್ಲ ಎಂದು ಕೇಳಿದರೆ ಉತ್ತರ ಕೊಡಬೇಕಾದವಳೂ ಅವಳೇ. ಇವುಗಳಲ್ಲಿ ಒಂದೊಂದೂ ಸಣ್ಣದು; ಆದರೆ ಪ್ರತಿದಿನವೂ ಬೀಳುವ ಹನಿಯು ಕಲ್ಲನ್ನೂ ತೊಡೆಯುವದಲ್ಲವೇ?

ಇನ್ನು ಗಂಡನು ಎಲ್ಲಿದ್ದಾನೆ? ಅನೇಕ ಸಾರಿ ಅದೂ ಅವಳಿಗೆ ಗೊತ್ತಿಲ್ಲ. ಗಡಿಯಲ್ಲಿರುವ ಪಟಾಲಮಿನ ವಿಳಾಸವು ೫೬ ಎ.ಪಿ.ಓ. ಇಲ್ಲವೆ ೯೯ ಎ.ಪಿ.ಓ. ಎಂಬ ಸಂಖ್ಯೆ ಮಾತ್ರ. ಅದರಿಂದ ಬೆಟ್ಟವೋ ಬೈಲೋ ತಿಳಿಯುವದಿಲ್ಲ. ಅಂಥ ಸ್ಥಳಗಳಿಗೆ ಹೆಂಡತಿ ಮಕ್ಕಳು ಹೋಗಿ ಇರಲಾರರು. ಶಾಂತಿಯ ಠಾಣ್ಯಕ್ಕೆ ವರ್ಗವಾದರೆ ಕೂಡಿ ಇರಬಹುದು, ಆದರೆ ಅಲ್ಲಿಯೂ ಮನೆಯು ಸಿಕ್ಕುವ ಸರದಿಗಾಗಿ ಕಾಯಬೇಕಾಗುವದುಂಟು. ನಿಯಮದ ಪ್ರಕಾರ ಜವಾನನಿಗೆ ವರುಷಕ್ಕೆ ೬೦ ದಿವಸಗಳ ವಾರ್ಷಿಕ ರಜೆಯೂ ೩೦ ದಿವಸಗಳ ಆಕಸ್ಮಿಕ ರಜೆಯೂ ಇವೆ. ಆದರೆ ದಂಡಿನ ಕೆಲಸಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಅದು ದೊರಕುವದು. ೨೦೨೫ನೇ ಇಸವಿ ಮೇ ತಿಂಗಳಲ್ಲಿ ಪಶ್ಚಿಮದ ಗಡಿಯಲ್ಲಿ ಕಾದಾಟವಾದಾಗ ರಜೆಯ ಮೇಲೆ ಊರಿಗೆ ಬಂದಿದ್ದ ಅನೇಕರನ್ನು ತಿರಿಗಿ ಕರೆದರು. ಮಗುವಿನ ಹೆಸರಿಡುವ ದಿನವನ್ನೂ ತಂಗಿಯ ಮದುವೆಯನ್ನೂ ಗಂಡನ ರಜೆಗೆ ಹೊಂದಿಸಿ ಇಟ್ಟುಕೊಂಡ ಮನೆಗಳಿಗೆ ಇಂಥ ಕರೆಯ ಅರ್ಥವು ಚೆನ್ನಾಗಿ ಗೊತ್ತು.

ಇದನ್ನು ಕೇಳಿ ಕೆಲವರು, ‘ಇದರಲ್ಲಿ ಹೊಸದೇನು? ಅರಬ ದೇಶಕ್ಕೆ ದುಡಿಯಲು ಹೋದವನ ಹೆಂಡತಿಯೂ ಒಬ್ಬಳೇ ಇದ್ದಾಳೆ. ಸಿಪಾಯಿಯು ತಾನೇ ಒಪ್ಪಿ ಸೇರಿದ್ದಾನೆ, ತಿಂಗಳಿಗೆ ತಪ್ಪದೆ ಸಂಬಳವೂ ಬರುತ್ತದೆ,’ ಅನ್ನುವರು. ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳುವದಿಲ್ಲ. ಒಂಟಿತನವು ಅನೇಕರ ಪಾಲಿಗೆ ಬಂದಿದೆ. ಆದರೂ ಇಲ್ಲಿ ಒಂದು ವ್ಯತ್ಯಾಸವುಂಟು. ಪರದೇಶಕ್ಕೆ ಹೋದವನು ತನ್ನ ಮನೆಯ ಲಾಭಕ್ಕಾಗಿ ಹೋದನು. ಸಿಪಾಯಿಯು ಸಂಬಳಕ್ಕಾಗಿ ಹೋದದ್ದು ನಿಜವಾದರೂ, ಅವನು ಕಾಯುವದು ತನ್ನ ಮನೆಯೊಂದನ್ನೇ ಅಲ್ಲ, ನಮ್ಮೆಲ್ಲರ ಮನೆಗಳನ್ನು. ತನ್ನ ಮನೆಯನ್ನಾದರೋ ಕಾಯಲಾರನು. ಹೀಗಿರುವಲ್ಲಿ ಅವನ ಮನೆಯಲ್ಲಿ ಉಳಿದ ಕೆಲಸವು ಯಾರ ಮೇಲೆ ಬೀಳತಕ್ಕದ್ದು? ಲಾಭವನ್ನು ಹೊಂದಿದವರ ಮೇಲೆಯೇ ಬೀಳತಕ್ಕದ್ದೆಂದು ನ್ಯಾಯವು ಹೇಳುತ್ತದೆ.

ಈ ನ್ಯಾಯವು ಬಹು ಹಳೆಯದು. ದಾವೀದನ ಕಥೆಯನ್ನು ಜ್ಞಾಪಕಕ್ಕೆ ತಂದುಕೊಳ್ಳಿರಿ. ಗಂಡಸರೆಲ್ಲರೂ ದಂಡಿನ ಹಾದಿಯಲ್ಲಿದ್ದಾಗ ವೈರಿಗಳು ಚಿಕ್ಲಗ್ ಎಂಬ ಅವರ ಊರನ್ನು ಸುಟ್ಟು ಹೆಂಡಿರು ಮಕ್ಕಳನ್ನು ಸೆರೆಯೊಯ್ದರು. ದಂಡಿಗೆ ಹೋದವನ ಮನೆಯೇ ಕಾವಲಿಲ್ಲದ ಮನೆಯೆಂಬದು ಆಗಿನ ಕಾಲಕ್ಕೂ ತಿಳಿದ ಸಂಗತಿ. ದಾವೀದನು ೬೦೦ ಜನರೊಂದಿಗೆ ಬೆನ್ನಟ್ಟಿ ಹೋಗುವಾಗ ದಣಿದುಹೋದ ೨೦೦ ಜನರು ಹಳ್ಳದ ಬಳಿಯಲ್ಲಿ ಸಾಮಾನುಗಳೊಂದಿಗೆ ಉಳಿದರು. ಜಯವಾದ ಮೇಲೆ, ಉಳಿದವರಿಗೆ ಪಾಲಿಲ್ಲವೆಂದು ಕೆಲವರು ಹಟಮಾಡಲು, ಕಾದಿದವನಿಗೂ ಸಾಮಾನು ಕಾದವನಿಗೂ ಪಾಲು ಸಮವೆಂದು ದಾವೀದನು ಕಟ್ಟಳೆ ಮಾಡಿದನು. ಹಾಗಾದರೆ ಸಿಪಾಯಿಯ ಹೊಲ, ಮಕ್ಕಳು, ಮುದಿ ತಂದೆತಾಯಿಗಳು, ಇವೆಲ್ಲವನ್ನು ಕಾಯುವವಳ ಪಾಲೇನು? ನಾವು ಆಕೆಯ ಗಂಡನಿಗೆ ಮಾಲೆ ಹಾಕುತ್ತೇವೆ. ಆಕೆಗೆ ಬುದ್ಧಿವಾದ ಹೇಳುತ್ತೇವೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗುಣುಗುಟ್ಟುವಿಕೆ ಬೇರೆ, ಮೊರೆ ಬೇರೆ. ತನ್ನ ಪಾಲಿನ ಕೆಲಸವನ್ನು ಮಾಡಲೊಲ್ಲದವನು ಗುಣುಗುಟ್ಟುತ್ತಾನೆ. ತನ್ನ ಪಾಲಿನದನ್ನೂ ಇನ್ನೊಬ್ಬರ ಪಾಲಿನದನ್ನೂ ಹೊತ್ತು ಬೆನ್ನು ಬಾಗಿದವನು ಮೊರೆಯಿಡುತ್ತಾನೆ. ಮೋಟಾರಿನ ಮಾತು ಹೇಳಿದ ಆ ಹೆಂಗಸು ಗಂಡನು ದಂಡನ್ನು ಬಿಟ್ಟು ಬರಲಿ ಎಂದು ಹೇಳಲಿಲ್ಲ. ಅವನ ಕೆಲಸವು ವ್ಯರ್ಥವೆಂದೂ ಹೇಳಲಿಲ್ಲ. ಹೊರೆಯು ಭಾರವೆಂದು ಮಾತ್ರ ಹೇಳಿದಳು. ಭಾರವಾದದ್ದನ್ನು ಭಾರವೆಂದು ಹೇಳುವದು ಸತ್ಯವೇ ಹೊರತು ತಪ್ಪಲ್ಲ. ಇಲ್ಲಿ ತಪ್ಪಿದವರು ನಾವೇ. ಯಾಕಂದರೆ ಹೊಗಳಿಕೆಯನ್ನು ಕೊಟ್ಟು ಆಕೆಯ ಬಾಯಿಯನ್ನು ಕಟ್ಟಿದೆವು. ನೀನು ವೀರನ ಹೆಂಡತಿಯೆಂದು ಹೇಳಿದ ಮೇಲೆ ಆಕೆಯು ಸೊಸೈಟಿಯ ಸಾಲದ ಮಾತನ್ನು ಹೇಗೆ ಎತ್ತ್ಯಾಳು? ನಮಗೆ ಖರ್ಚಿಲ್ಲದ ಹೊಗಳಿಕೆಯು ಆಕೆಗೆ ಬಲು ದುಬಾರಿಯಾಗುತ್ತದೆ.

ಇನ್ನೂ ಒಂದು ಕಠಿಣವಾದ ಪ್ರಶ್ನೆಯುಂಟು. ಊರಿನವರಿಗೆ ಹೇಳದ ಕಷ್ಟವನ್ನು ಗಂಡನಿಗಾದರೂ ಹೇಳಬೇಕೋ? ಹಿಂದೆ ಕಾಗದವು ಮುಟ್ಟಲು ಬಹುದಿನ ಹಿಡಿಯುತ್ತಿತ್ತು. ಈಗ ಫೋನಿನ ಮೂಲಕ ಮನೆಯ ಅಳು ಗುಡ್ಡದ ತುದಿಗೆ ಒಂದೇ ಕ್ಷಣದಲ್ಲಿ ಮುಟ್ಟುತ್ತದೆ, ಸಂಪರ್ಕ ಸಿಕ್ಕಿದರೆ. ಮಗುವಿಗೆ ಜ್ವರವೆಂದು ಕೇಳಿ ಅವನು ರಾತ್ರಿಯ ಕಾವಲಿಗೆ ಹೋಗುತ್ತಾನೆ. ಅವನಿಂದ ಆಗತಕ್ಕದ್ದೇನೂ ಇಲ್ಲ. ಅದಕ್ಕಾಗಿ ಎಷ್ಟೋ ಹೆಂಗಸರು ಎಲ್ಲಾ ಸುಖವೆಂದೇ ಹೇಳುತ್ತಾರೆ. ಇದು ಪ್ರೀತಿಯಿಂದ ಹುಟ್ಟಿದ ಮಾತೆಂದು ನಾವು ಬಲ್ಲೆವು. ಆದರೂ ಎಲ್ಲವನ್ನು ಮುಚ್ಚಿಟ್ಟರೆ ಗಂಡನು ತನ್ನ ಮನೆಗೇ ಪರಕೀಯನಾಗುವನು. ರಜೆಯಲ್ಲಿ ಬಂದಾಗ, ತನ್ನನ್ನು ಕೇಳದೆ ಎಮ್ಮೆ ಮಾರಿದ್ದು ಯಾಕೆ, ಶಾಲೆ ಬದಲಿಸಿದ್ದು ಯಾಕೆ ಎಂದು ಸಿಟ್ಟಾಗುವನು. ಅವಳಾದರೋ ಇಷ್ಟು ದಿನ ಯಾರು ಬಂದು ಕೇಳಿದರು ಎನ್ನುವಳು. ಕಾದುಕಾದು ಬಂದ ದಿವಸಗಳು ಹೀಗೆ ಜಗಳದಲ್ಲಿ ಕಳೆಯುವವು. ಅದರಿಂದ ನಮ್ಮ ಆಲೋಚನೆ ಏನಂದರೆ, ಈ ಕ್ಷಣದಲ್ಲಿ ಅವನು ಏನೂ ಮಾಡಲಾರದ್ದನ್ನು, ಅದು ಪ್ರಾಣದ ಮಾತಲ್ಲದಿದ್ದರೆ, ಪರಿಹಾರವಾದ ಮೇಲೆ ಹೇಳಬಹುದು. ಆದರೆ ಹೇಳದೆ ಇರಬಾರದು. ಮನೆಯ ದೊಡ್ಡ ನಿರ್ಣಯಗಳನ್ನು ಅವನಿಗೆ ತಿಳಿಸಿಯೇ ಮಾಡಬೇಕು. ಗಂಡನೂ ತಾನು ಇಲ್ಲದಾಗ ನಡೆದ ಮನೆಯು ತಾನಾಗಿ ನಡೆಯಿತೆಂದು ಎಣಿಸದೆ, ನಡಿಸಿದವಳಿಗೆ ಕೃತಜ್ಞನಾಗಿರಬೇಕು.

ಸರಕಾರವೂ ಸಂಘಗಳೂ ಏನೂ ಮಾಡಿಲ್ಲವೆಂದಲ್ಲ. ೧೯೪೯ನೇ ಇಸವಿಯಿಂದ ಪ್ರತಿ ವರುಷ ದಶಂಬರ ೭ರಂದು ಧ್ವಜ ದಿನವೆಂದು ಹಣ ಕೂಡಿಸಿ ಸೈನಿಕರ ಕುಟುಂಬಗಳಿಗೂ ನಿವೃತ್ತರಿಗೂ ವೆಚ್ಚಮಾಡುತ್ತಾರೆ. ಸೈನಿಕರ ಪತ್ನಿಯರ ಕಲ್ಯಾಣ ಸಂಘವು ೧೯೬೬ರಲ್ಲಿ ಹುಟ್ಟಿತು. ಇನ್ನೂ ಹಳೆಯದಾದ ೧೯೨೫ರ ಸೈನಿಕರ ವ್ಯಾಜ್ಯದ ಕಾಯಿದೆಯೊಂದುಂಟು. ಯುದ್ಧವೇ ಮೊದಲಾದ ವಿಶೇಷ ಸೇವೆಯಲ್ಲಿರುವ ಸಿಪಾಯಿಯ ಮೇಲೆ ದಾವೆಯಿದ್ದು ಅವನು ಬರಲಾರದಿದ್ದರೆ, ಜಿಲ್ಲಾಧಿಕಾರಿಯು ನ್ಯಾಯಾಲಯಕ್ಕೆ ತಿಳಿಸಿ ವಿಚಾರಣೆಯನ್ನು ನಿಲ್ಲಿಸಬಹುದು. ಇಲ್ಲದವನ ಮೇಲೆ ಅನ್ಯಾಯವಾಗುವದು ಸುಲಭವೆಂದು ಕಾನೂನು ಇಷ್ಟು ಹಿಂದೆಯೇ ತಿಳಿದುಕೊಂಡಿತು. ಆದರೆ ಸಂಘವು ದಂಡಿನ ಠಾಣ್ಯದಲ್ಲಿದೆ, ಸೈನಿಕ ಮಂಡಳಿಯ ಕಚೇರಿಯು ಜಿಲ್ಲೆಯ ಪಟ್ಟಣದಲ್ಲಿದೆ, ಕಾನೂನು ಪುಸ್ತಕದಲ್ಲಿದೆ. ಸಿಪಾಯಿಯ ಹೊಲದ ಬದುವನ್ನು ದಾಯಾದಿಯು ವರುಷಕ್ಕೆ ಒಂದು ಸಾಲು ಒತ್ತುತ್ತಾ ಬಂದರೆ, ಕೋರ್ಟಿಗೆ ಹೋಗುವ ಮೊದಲೇ ಅದನ್ನು ಕಾಣುವವರು ಯಾರು? ಪಕ್ಕದ ಹೊಲದವರಾದ ನಾವೇ. ಕಂಡು ಸುಮ್ಮನಿದ್ದರೆ ನೇಗಿಲಿಗೆ ನಾವೂ ಕೈ ಹಚ್ಚಿದ ಹಾಗೆಯೇ.

ಒಂದು ಸಂಗತಿಯನ್ನು ನೆನಸಿರಿ. ೨೦೧೬ನೇ ಇಸವಿ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯಲ್ಲಿ ೧೯,೦೦೦ ಅಡಿಗಿಂತ ಎತ್ತರದ ಠಾಣ್ಯದ ಮೇಲೆ ಹಿಮವು ಕುಸಿದು ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರೆಂಬ ಲಾನ್ಸ್ ನಾಯಕರು ದಿನಗಳ ಮೇಲೆ ಜೀವಂತವಾಗಿ ಸಿಕ್ಕಿ ಫೆಬ್ರವರಿ ೧೧ರಂದು ದಿಲ್ಲಿಯಲ್ಲಿ ತೀರಿಕೊಂಡರು. ಆ ದಿವಸಗಳಲ್ಲಿ ದೇಶವೆಲ್ಲಾ ಅವರಿಗಾಗಿ ಪ್ರಾರ್ಥಿಸಿತು. ಅದು ಸರಿಯೇ. ಆದರೆ ಸಿಪಾಯಿಯ ಮನೆಯನ್ನು ನೆನಸಲು ಹಿಮವು ಕುಸಿಯುವ ತನಕ ಕಾಯಬೇಕೇ? ಮರಣದ ದಿನದಲ್ಲಿ ಅಂಗಳ ತುಂಬ ಸೇರುವ ಜನರಲ್ಲಿ ಒಬ್ಬಿಬ್ಬರಾದರೂ ಸಾಮಾನ್ಯ ದಿನದಲ್ಲಿ ಬಾಗಿಲಿಗೆ ಬಂದು, ಇವತ್ತು ಏನು ಆಗಬೇಕಾಗಿದೆ ಎಂದು ಕೇಳಿದರೆ, ಅದೇ ದಂಡಿನಲ್ಲಿರುವವನಿಗೆ ಮಾಡಿದ ಮುಖ್ಯ ಸಹಾಯವಾಗುವದು. ಯಾಕಂದರೆ ಮನೆಯು ಸುಖವಾಗಿದೆಯೆಂದು ಸತ್ಯವಾಗಿ ತಿಳಿದವನು ತನ್ನ ಕಾವಲಿನಲ್ಲಿ ಗಟ್ಟಿಯಾಗಿ ನಿಲ್ಲುವನು.

ಆದದರಿಂದ ನಾವು ಮಾಡತಕ್ಕವುಗಳು ಇವು. ಕಚೇರಿಯಲ್ಲಿ ಕೆಲಸವಿದ್ದರೆ ಓದಿದವನೊಬ್ಬನು ತನ್ನ ಮನೆಯವಳನ್ನೂ ಜತೆಗೆ ಕರೆದುಕೊಂಡು ಆಕೆಯೊಂದಿಗೆ ಹೋಗಲಿ. ಆಗ ಚಾಡಿಗೆ ಎಡೆಯಿರದು. ಆಕೆಯ ವಿಷಯವಾಗಿ ಸಲ್ಲದ ಮಾತು ಎದ್ದರೆ ಎದ್ದಲ್ಲಿಯೇ ಅಡಗಿಸಿರಿ. ಸಂಬಳ ಬರುತ್ತದೆಂದು ಆಕೆಯಿಂದ ಕೈಗಡ ಬೇಡಬೇಡಿರಿ. ಒಲ್ಲೆನೆಂದರೆ ಒಬ್ಬಳೇ ಇರುವವಳಿಗೆ ವೈರ, ಕೊಟ್ಟರೆ ನಷ್ಟ. ಬಿತ್ತಿಗೆಯ ಹದದಲ್ಲಿ ಒಂದು ದಿನದ ಬೇಸಾಯವನ್ನು ಆ ಹೊಲಕ್ಕೆ ಕೊಡಿರಿ. ಆಕೆಯು ಬೇಸರದಿಂದ ಮಾತಾಡಿದರೆ ಬುದ್ಧಿ ಹೇಳದೆ ಕೇಳಿರಿ.

ಆ ಓಣಿಯ ಹಿರಿಯನು ಏನು ಮಾಡಿದನೆಂದು ಹೇಳಿ ಮುಗಿಸುತ್ತೇವೆ. ಮಾರಣೆಯ ದಿನ ಅವನು ತನ್ನ ಹೆಂಡತಿಯನ್ನು ಕರಕೊಂಡು, ಮೇಸ್ತ್ರಿಯನ್ನು ಮುಂದಿಟ್ಟುಕೊಂಡು ಆ ಹೊಲಕ್ಕೆ ಹೋದನು. ಮೋಟಾರನ್ನು ಮೇಲಕ್ಕೆ ಎತ್ತಿ ಸರಿಮಾಡಿಸುವಷ್ಟರಲ್ಲಿ ಹೊತ್ತು ಮುಳುಗಿತು. ಹೆಮ್ಮೆಯ ಮಾತನ್ನು ಅವನು ಆ ದಿನ ಎತ್ತಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ವಾಚಕರೇ, ನಿಮ್ಮ ಓಣಿಯಲ್ಲಿಯೂ ಅಂಥ ಮನೆಯಿದ್ದರೆ ಈ ವಾರದಲ್ಲಿಯೇ ಹೋಗಿ ಕೇಳಿರಿ.