ಕದಿರು ಕಟ್ಟುವ ಬೆಳಿಗ್ಗೆ

ಐದೂವರೆಗೆ ಎದ್ದು ಬಾಗಿಲಿಗೆ ಕದಿರು ಕಟ್ಟಿದೆ. ಐದಾರು ತೆನೆ, ಸುತ್ತ ಮಾವಿನೆಲೆ, ಹಲಸಿನೆಲೆ, ಬಿದಿರೆಲೆ, ಮೇಲೊಂದು ಸುತ್ತು ನಾರು. ಉಳಿದ ತೆನೆಯ ಒಂಬತ್ತು ಕಾಳನ್ನು ಉಗುರಲ್ಲಿ ಸುಲಿದು ಪಾಯಸಕ್ಕೆ ಹಾಕಬೇಕು. ಹಸಿ ಭತ್ತದ ಅಕ್ಕಿ ಮೆತ್ತಗೆ. ಉಗುರು ತುಸು ಜೋರಾದರೆ ಹಾಲಾಗಿ ಒಡೆಯುತ್ತದೆ. ತೆನೆ ಪೇಟೆಯಿಂದ ತಂದದ್ದು. ನಮ್ಮ ಕರಾವಳಿಯಲ್ಲಿ ಗದ್ದೆಯಿಲ್ಲದ ಮನೆಗಳೆಲ್ಲ ಈಗ ಹೀಗೆಯೇ. ಪ್ರತಿ ವರ್ಷ ಈ ಕಾಳು ಸುಲಿಯುವಾಗ ಅಜ್ಜಿಯ ಬಾಯಲ್ಲಿದ್ದ ಒಂದು ಶಬ್ದ ನೆನಪಾಗುತ್ತದೆ: ದ್ರೋಹ.

ಅಜ್ಜ ಬೇಗ ತೀರಿಕೊಂಡಿದ್ದರು. ಗದ್ದೆ ಮೊದಲಿನಿಂದಲೂ ಚಾಲಗೇಣಿಗೆ, ಅಂದರೆ ವರ್ಷವರ್ಷದ ಗೇಣಿಗೆ, ಇತ್ತು. ಒಕ್ಕಲಿನವರು ವರ್ಷಕ್ಕೆ 18 ಮುಡಿ ಅಕ್ಕಿ ಅಳೆಯುತ್ತಿದ್ದರು. ಮುಡಿ ಎಂದರೆ 42 ಸೇರು, ಬೈಹುಲ್ಲಲ್ಲಿ ಸುತ್ತಿ ಹುಲ್ಲಿನ ಹಗ್ಗದಿಂದ ಬಿಗಿದ ಉರುಟು ಗಂಟು. ಆ ಅಕ್ಕಿಯಲ್ಲೇ ನಮ್ಮ ಮನೆ ಉಂಡದ್ದು. ನನ್ನ ತಂದೆಗೆ ಕೆರೆಯಲ್ಲಿ ಈಜು ಕಲಿಸಿದವರು ಆ ಒಕ್ಕಲಿನವರೇ. ಅವರ ಮಗಳ ಮದುವೆಗೆ ಅಜ್ಜಿ ತನ್ನ ಎರಡೆಳೆ ಸರ ಅಡವಿಟ್ಟಿದ್ದಳು. ಎರಡೂ ಕಡೆ ಪ್ರೀತಿ ನಿಜವಾದದ್ದೇ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವರು ಒಮ್ಮೆಯೂ ನಮ್ಮ ಜಗಲಿ ಹತ್ತಲಿಲ್ಲ. ಬೆಲ್ಲನೀರು ಅಂಗಳಕ್ಕೇ ಹೋಗುತ್ತಿತ್ತು.

1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗಿದ್ದ ಭೂಮಿಯೆಲ್ಲ ಅಂದಿನಿಂದ ಸರಕಾರದ್ದು, ಉಳುವವರು ಅರ್ಜಿ ಕೊಟ್ಟು ಅದನ್ನು ತಮ್ಮದಾಗಿಸಿಕೊಳ್ಳಬೇಕು. 7ನೇ ನಮೂನೆಯ ಆ ಅರ್ಜಿಗೆ ನಮ್ಮೂರಲ್ಲಿ ‘ಡಿಕ್ಲರೇಶನ್’ ಎಂದೇ ಹೆಸರು. ಕೊಡಲು ಗಡುವು ಮುಂದೆ ಹೋಗುತ್ತ ಹೋಗುತ್ತ 1979ರ ಜೂನ್ 30ರವರೆಗೂ ಬಂತು. ನಮ್ಮ ಒಕ್ಕಲಿನವರು ಅಷ್ಟು ಕಾಯಲಿಲ್ಲ. ಅವರು ಡಿಕ್ಲರೇಶನ್ ಕೊಟ್ಟದ್ದು ಅಜ್ಜಿಗೆ ಗೊತ್ತಾದದ್ದು ಮನೆಗೆ ನೋಟೀಸು ಬಂದ ದಿನ. “ಹೋದದ್ದು ಹೋಗಲಿ. ನನಗೊಂದು ಮಾತು ಹೇಳಿ ಕೊಡಬಹುದಿತ್ತಲ್ಲ, ಮಗಾ” ಎಂದು ಅವಳು ಸಾಯುವವರೆಗೂ ಹೇಳುತ್ತಿದ್ದಳು. ಅವಳ ಲೆಕ್ಕದಲ್ಲಿ ದ್ರೋಹವೆಂದರೆ ಅದು. ಬಹಳ ಕಾಲ ನಾನೂ ಹಾಗೆಯೇ ನಂಬಿದ್ದೆ.

ಅವಳ ಕಾಲಾನಂತರ ಅಜ್ಜನ ಮರದ ಪೆಟ್ಟಿಗೆ ತೆರೆದೆವು. ಒಳಗೆ ಗೇಣಿಚೀಟಿಗಳು, ವರ್ಷಕ್ಕೊಂದರಂತೆ 23. ಎಲ್ಲದರಲ್ಲೂ ಒಂದೇ ಒಕ್ಕಣೆ: ಧಣಿಗಳು ಹೇಳಿದ ಕೂಡಲೇ ತಕರಾರಿಲ್ಲದೆ ಭೂಮಿ ಬಿಟ್ಟುಕೊಡತಕ್ಕದ್ದು. ಕೆಳಗೆ ಹೆಬ್ಬೆಟ್ಟು. ದೀಪದ ಹತ್ತಿರ ಹಿಡಿದು ನೋಡಿದೆ. ಮೊದಲ ಚೀಟಿಗಳಲ್ಲಿ ಬೆರಳಿನ ಗೆರೆಗಳು ಸ್ಪಷ್ಟವಾಗಿದ್ದವು. ಬರಬರುತ್ತ ಗೆರೆ ಮಾಸಿ, ಕೊನೆಯ ನಾಲ್ಕೈದರಲ್ಲಿ ಬರೀ ಒಂದು ನೀಲಿ ಕಲೆ. ನೇಗಿಲು ಹಿಡಿದು ಸವೆದ ಬೆರಳು. ಮೂಲಗೇಣಿಯವರಿಗಾದರೆ ಭೂಮಿಯ ಮೇಲೊಂದು ಕಾಯಂ ಹಿಡಿತವಿತ್ತು. ಇವರಿಗೆ ಈ ಚೀಟಿ ಮಾತ್ರ. ಈಜು ಕಲಿಸಿದ, ಸರ ಅಡವಿಟ್ಟ ಆ ವರ್ಷಗಳಲ್ಲೆಲ್ಲ ‘ಹೊರಡು’ ಎನ್ನುವ ಮಾತೊಂದು ನಮ್ಮ ಪೆಟ್ಟಿಗೆಯಲ್ಲಿ ಮಡಚಿಟ್ಟುಕೊಂಡೇ ಇತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ.

ಅವರು ಯಾಕೆ ಬಂದು ಹೇಳಲಿಲ್ಲ ಎಂಬುದು ಆಗ ಹೊಳೆಯಿತು. ಅಂಗಳದಲ್ಲಿ ನಿಂತು, ಬೆಲ್ಲನೀರಿನ ಲೋಟ ಕೈಗೆ ಬಂದ ಮೇಲೆ, ಆ ಮಾತು ಅವರ ಗಂಟಲಿನಿಂದ ಹೊರಡುತ್ತಿತ್ತೇ? ಹೇಳಲು ಬಂದಿದ್ದರೆ ಅವರು ಅರ್ಜಿ ಕೊಡುತ್ತಲೇ ಇರಲಿಲ್ಲ.

ಅರ್ಜಿಯ ವಿಚಾರಣೆ ನಡೆಸುವ ಭೂನ್ಯಾಯ ಮಂಡಳಿಯ ಮುಂದೆ ವಕೀಲರಿಗೆ ಆಗ ಪ್ರವೇಶವಿರಲಿಲ್ಲ. ಧಣಿಯೂ ಒಕ್ಕಲೂ ತಾವೇ ನಿಂತು ಹೇಳಬೇಕು. ‘ಇವ ಒಕ್ಕಲಲ್ಲ, ನಮ್ಮ ಕೂಲಿಯಾಳು’ ಎಂದು ಹೇಳಿ ಗದ್ದೆ ಉಳಿಸಿಕೊಂಡ ಧಣಿಗಳಿದ್ದರು. ಅಜ್ಜಿಗೂ ಹಾಗೆ ಹೇಳಿಕೊಟ್ಟವರಿದ್ದರು. ಅವಳಿಗೆ ಕೇಳಿದ್ದು ಒಂದೇ ಪ್ರಶ್ನೆಯಂತೆ. “ಹೌದು, ಅವನೇ ಉತ್ತದ್ದು” ಎಂದು ಹೇಳಿ ಬಸ್ಸು ಹತ್ತಿದಳು. ಆಮೇಲೆ ಎಷ್ಟೋ ವರ್ಷ ಅವರೊಡನೆ ಮಾತಾಡಲಿಲ್ಲ. ಸತ್ಯ ಹೇಳಿದ ಮಾತ್ರಕ್ಕೆ ನೋವು ಇಳಿಯಬೇಕೆಂದು ಎಲ್ಲಿದೆ?

ಇನ್ನೊಂದು ಮನೆಯನ್ನೂ ನಾನು ಮರೆಯಬಾರದು. ಆ ಗದ್ದೆಯ ಅಂಚಿನ ಗುಡಿಸಲಲ್ಲಿದ್ದ, ತಲೆಮಾರುಗಳಿಂದ ಆಳಾಗಿಯೇ ದುಡಿದ ಮೂಲದಾಳಿನವರು ಅದೇ ಕೆಸರಿನಲ್ಲಿ ನೇಜಿ ನೆಟ್ಟವರು. ಅವರ ಹೆಸರಿನಲ್ಲಿ ಗೇಣಿಯೇ ಇರಲಿಲ್ಲವಾದ್ದರಿಂದ ಉಳುವವರ ಪಟ್ಟಿಗೆ ಅವರು ಸೇರಲಿಲ್ಲ. ದಕ್ಕಿದ್ದು ಗುಡಿಸಲಿನ ಅಡಿಸ್ಥಳ ಮಾತ್ರ. ನಮ್ಮ ಮನೆಯಲ್ಲಿ ದ್ರೋಹದ ಬಗ್ಗೆ ಅಷ್ಟೆಲ್ಲ ಮಾತಾದಾಗ ಅವರ ಸುದ್ದಿ ಒಮ್ಮೆಯೂ ಬಂದದ್ದಿಲ್ಲ.

ಗದ್ದೆ ಹೋದ ವರ್ಷವೂ ಕದಿರು ಕಟ್ಟುವ ದಿನ ಬಂತು. ತೆನೆ ಕೊಯ್ಯಲು ಗದ್ದೆ ಎಲ್ಲಿದೆ? ಅಜ್ಜಿ ಮಾವಿನೆಲೆ ಮಾತ್ರ ತೊಳೆದಿಟ್ಟು ಮಲಗಿದ್ದಳಂತೆ. ಬೆಳಗಿನ ಕತ್ತಲಲ್ಲಿ ಬಾಗಿಲು ತೆಗೆದರೆ ತುಳಸಿಕಟ್ಟೆಯ ಮೇಲೆ ಒಂದು ಹಿಡಿ ತೆನೆ, ಇಬ್ಬನಿಗೆ ಒದ್ದೆಯಾಗಿ. ಅಂಗಳದಲ್ಲಿ ಯಾರೂ ಇರಲಿಲ್ಲ. ಅವಳು ಯಾರದೆಂದು ಕೇಳಲಿಲ್ಲ. ಸೆರಗಲ್ಲಿ ಎತ್ತಿಕೊಂಡು ಬಂದು ಕಟ್ಟಿದಳು.

ನನ್ನ ಕೈಯಲ್ಲಿ ಇನ್ನೂ ಎರಡು ಕಾಳು ಬಾಕಿಯಿದೆ.