ವ್ಯರ್ಥಪ್ರಯತ್ನವೆಂಬುದುಂಟೆ?

ಫಲಿಸದ ಪ್ರಯತ್ನವು ನಶಿಸುವುದೋ ಉಳಿಯುವುದೋ ಎಂಬ ಪ್ರಶ್ನೆಗೆ ಗೀತೆಯ ಎರಡನೆಯ ಅಧ್ಯಾಯವು, ಕರ್ಮಯೋಗದಲ್ಲಿ ಆರಂಭಕ್ಕೆ ನಾಶವಿಲ್ಲವೆಂದು ಅಭಯವಿತ್ತಿದೆ. ಆದರೆ ಆ ಉಳಿಕೆಯ ಬಗೆ ಎಂತಹುದೆಂದು ಕೇಳುವ ಸಂಶಯಾತ್ಮನಿಗೆ ಇಂದಿನ ನಿಸ್ತಂತು ಜಾಲದ ಒಂದು ವ್ಯವಹಾರವನ್ನು ತೋರಿಸಬಹುದು. ಗೋಪುರದಿಂದ ಹೊರಟ ಸಂದೇಶವು ಗದ್ದಲದಲ್ಲಿ ಕೆಟ್ಟು ಬಂದಾಗ ಮೊಬೈಲು ಅದನ್ನು ಎಸೆದುಬಿಡದೆ, ತಲುಪಲಿಲ್ಲವೆಂದು ಮರುನುಡಿದು, ಆ ಭಗ್ನಪ್ರತಿಯನ್ನೇ ಸ್ಮೃತಿಯಲ್ಲಿ ಇರಿಸಿಕೊಂಡು, ಮತ್ತೆ ಬಂದ ಪ್ರತಿಯೊಡನೆ ಕೂಡಿಸಿ ಓದುತ್ತದೆ. ಒಂಟಿಯಾಗಿ ಅರ್ಥಹೀನವಾಗಿದ್ದ ಪ್ರತಿಗಳು, ಸಂವಹನತಂತ್ರಜ್ಞ ಡೇವಿಡ್ ಚೇಸ್ 1985ರಲ್ಲಿ ನಿರೂಪಿಸಿದಂತೆ, ಕೂಡಿದಾಗ ಸಾರ್ಥಕವಾಗುವುದುಂಟು. ಜಪದ ಪುನರುಕ್ತಿಯನ್ನು ಹಳಿಯುವವರು (ಅವರಲ್ಲಿ ಬುದ್ಧಿವಂತರೇ ಹೆಚ್ಚು) ಇದನ್ನು ಗಮನಿಸಬೇಕು.

ಆದರೆ ಪುನರಾವೃತ್ತಿಯೊಂದೇ ಸಾಲದು. ಐದನೆಯ ಪೀಳಿಗೆಯ ಮಿಲಿಮೀಟರ್ ತರಂಗದ ಗೋಪುರವು 64ರವರೆಗೆ ಕಿರಿದಾದ ಕಿರಣಪುಂಜಗಳನ್ನು ಒಂದಾದ ಮೇಲೊಂದರಂತೆ ದಿಕ್ಕುದಿಕ್ಕಿಗೆ ಹರಿಸುತ್ತದೆ; ಮೊಬೈಲು ಅವುಗಳ ಬಲವನ್ನು ಅಳೆದು ತನಗೊಪ್ಪುವುದನ್ನು ತಿಳಿಸುತ್ತದೆ. ಅಂಗೈಯೊಂದು ಅಡ್ಡ ಬಂದರೂ ಆ ಕಿರಣವು ಕುಗ್ಗುವುದುಂಟು. ಆಗ ಅದೇ ದಿಕ್ಕಿನಲ್ಲಿ ಎಷ್ಟು ಸಲ ಕೂಗಿದರೂ ಪ್ರಯೋಜನ ಅಲ್ಪವೇ, ದಿಕ್ಕನ್ನೇ ಬದಲಿಸಬೇಕು. ಯಾವಾಗ ತಾಳಬೇಕು, ಯಾವಾಗ ತಿರುಗಬೇಕು ಎಂಬುದನ್ನು ಯಂತ್ರಕ್ಕೆ ಅಳತೆಯು ಹೇಳುತ್ತದೆ, ಸಾಧಕನಿಗೆ ಹೇಳುವವರಾರು? ಗುರುವೆಂದು ಸಂಪ್ರದಾಯ. ನನಗೆ ಆ ಉತ್ತರ ಅರ್ಧವೇ ಒಪ್ಪಿಗೆ. ಗುರುವಿನ ಮಾತೂ ಗದ್ದಲದೊಳಗಿಂದಲೇ ಬರುವುದಲ್ಲವೆ?